ನನ್ನ ಮಾವನ ಅಕ್ಸುಮ್ ಸಾಮ್ರಾಜ್ಯ

ನನ್ನ ಸೋದರಮಾವನಿಗೆ ಸಂಸಾರ ಇರುವುದು ಬಂಟ್ವಾಳದ ಹತ್ತಿರ, ಸಾಮ್ರಾಜ್ಯ ಇರುವುದು ಕೆಂಪು ಸಮುದ್ರದ ಆಚೆ! ಗಾಬರಿಯಾಗಬೇಡಿ. ಆ ಸಾಮ್ರಾಜ್ಯ ಮುಗಿದು ಸಾವಿರ ವರ್ಷವಾಯಿತು. ಮಾವನಿಗೆ ಮಾತ್ರ ಇನ್ನೂ ಮುಗಿದಿಲ್ಲ.

ನಾವಿಬ್ಬರೂ ಸೌದಿಯ ನಜ್ರಾನಿನ ಒಂದೇ ಕಂಪೆನಿಯಲ್ಲಿದ್ದೇವೆ. ನಾನು ಆಫೀಸಿನಲ್ಲಿ, ಅವರು ಎಸಿ ಮೆಕ್ಯಾನಿಕ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಈ ಮನುಷ್ಯ ಇಥಿಯೋಪಿಯಾದಲ್ಲಿ ಒಂದು ಕಾಲಕ್ಕೆ ಮೆರೆದ ಅಕ್ಸುಮ್ ಎಂಬ ಕ್ರೈಸ್ತ ಸಾಮ್ರಾಜ್ಯದ ಬಗ್ಗೆ ಎರಡು ಗಂಟೆ ಬಿಡದೆ ಮಾತಾಡಬಲ್ಲರು. ಕೇಳುವವರು ಬೇಕೆಂದೇನೂ ಇಲ್ಲ!

ಒಮ್ಮೆ ಒಂದು ದೊಡ್ಡ ಎಸಿ ಯಂತ್ರವನ್ನು ಮಹಡಿಗೆ ಏರಿಸುವಾಗ ಕ್ರೇನ್ ಕೆಟ್ಟು ನಿಂತಿತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ಮಾವ ಶುರು ಮಾಡಿದರು. "ಅಕ್ಸುಮಿನವರು ಏಳೆಂಟು ಮಾಳಿಗೆ ಎತ್ತರದ ಕಂಬ ನಿಲ್ಲಿಸಿದ್ದು ಗೊತ್ತುಂಟಾ? ಒಂದೇ ಕಲ್ಲು! ಕ್ರೇನ್ ಎಲ್ಲಿತ್ತು ಆಗ?"

ಫೋರ್‌ಮನ್ ಉರಿದುಬಿದ್ದ. "ಹಾಗಾದರೆ ಅವರನ್ನೇ ಕರೆಸಿ!"

"ಕರೆಸಬಹುದಿತ್ತು," ಎಂದರು ಮಾವ ನಿಜವಾದ ಬೇಸರದಿಂದ. "ಈಗ ಇಲ್ಲವಲ್ಲ."

ಶುಕ್ರವಾರದ ಊಟದಲ್ಲಿ ನೆಯ್ಚೋರಿನ, ಅಂದರೆ ತುಪ್ಪದನ್ನದ, ತಟ್ಟೆಯೇ ಭೂಪಟ. ಈ ಕಡೆ ನಾವು, ಆ ಕಡೆ ಅವರು, ನಡುವಿನ ಕೋಳಿಸಾರು ಕೆಂಪು ಸಮುದ್ರ. "ಆನೆದಂತ ಅವರ ಬಂದರಿನಿಂದಲೇ ಹೋಗಬೇಕು. ಅರಸನ ಮುಖ, ಮೇಲೆ ಶಿಲುಬೆ ಇದ್ದ ಚಿನ್ನದ ನಾಣ್ಯ! ನಮ್ಮ ಹಿಂದೂಸ್ತಾನದ ಜೊತೆಗೂ ವ್ಯಾಪಾರ. ಸಮುದ್ರ ದಾಟಿ ಬಂದು ಇಲ್ಲೇ ಪಕ್ಕದ ಯೆಮನ್ ಆಳಿದ್ದಾರೆ ಮಾರಾಯ!" ಎಂದು ಕಣ್ಣರಳಿಸುವಾಗ ಸಮುದ್ರ ನನ್ನ ಅಂಗಿಯ ಮೇಲೆ ಉಕ್ಕಿರುತ್ತಿತ್ತು. ಆದರೂ ನಗೆಯಾಡಲು ಬಾಯಿ ಬರುತ್ತಿರಲಿಲ್ಲ. ಅಷ್ಟು ಬೆರಗು ಅವರ ದನಿಯಲ್ಲಿ. ಅದು ನನಗೂ ಅಂಟಿತ್ತು.

ಪತನದ ಕಥೆ ಹೇಳಿದ ದಿನವಂತೂ ಸೂತಕವೇ. ಹಡಗುಗಳು ಬೇರೆ ದಾರಿ ಹಿಡಿದವಂತೆ, ಬಂದರು ಹಾಳಾಯಿತಂತೆ. ಕಾಡು ಕಡಿದು ಮಣ್ಣು ಕೊಚ್ಚಿಹೋಯಿತು, ಚಿನ್ನದ ನಾಣ್ಯ ನಿಂತಿತು, ಅರಸರು ಒಳನಾಡಿನ ಬೆಟ್ಟಗಳಿಗೆ ಸರಿದರು. ಹೇಳಿ ಮುಗಿಸಿದ ಮಾವ ಊಟ ಬಿಟ್ಟು ಎದ್ದರು. ಅಷ್ಟರಲ್ಲಿ ಊರಿನಿಂದ ಮಾಮಿಯ ವಿಡಿಯೋ ಕಾಲ್.

"ಎಂತ ಮುಖ ಹೀಗೆ? ಯಾರು ಹೋದದ್ದು?"

"ಅಕ್ಸುಮ್."

"ಅಯ್ಯೋ ಪಾಪ! ನಿಮ್ಮ ರೂಮಿನವರಾ?"

ಈ ಹುಚ್ಚು ಹತ್ತಿದ್ದು ಹೇಗೆಂದು ನನಗೆ ತಿಳಿದದ್ದು ಕಳೆದ ತಿಂಗಳು, ನಮ್ಮ ಕ್ಯಾಂಪಿನ ಅಡುಗೆಯವರಿಂದ. ನಾನು ಬರುವ ಮೊದಲು ಮಾವನ ರೂಮಿಗೆ ಒಬ್ಬ ಇಥಿಯೋಪಿಯಾದ ಕ್ರೈಸ್ತ ಪ್ಲಂಬರ್ ಬಂದನಂತೆ. ಉಳಿದವರು ಅವನನ್ನು "ಊಟಕ್ಕೆ ಗತಿಯಿಲ್ಲದ ದೇಶದವನು" ಎಂದು ಆಡಿಕೊಳ್ಳುತ್ತಿದ್ದರಂತೆ. ಅವನು ತಲೆ ತಗ್ಗಿಸಿ ನಗುತ್ತಿದ್ದ. ಮಾವ ಒಂದು ವಾರ ಫೋನಿನಲ್ಲಿ ಅಕ್ಷರ ಅಕ್ಷರ ಕೂಡಿಸಿ ಓದಿದರು. ಮುಂದಿನ ಶುಕ್ರವಾರ ಎಲ್ಲರೂ ಊಟಕ್ಕೆ ಕುಳಿತಾಗ ಎದ್ದು ನಿಂತರು.

"ನಮ್ಮ ಮೊದಲಿನ ಮುಸ್ಲಿಮರು ಮಕ್ಕಾದಲ್ಲಿ ಹಿಂಸೆ ತಡೆಯಲಾಗದೆ ಹೋದಾಗ ಬಾಗಿಲು ತೆರೆದದ್ದು ಯಾರು? ಇವನ ದೇಶದ ಕ್ರೈಸ್ತ ದೊರೆ, ಅಕ್ಸುಮಿನವನು! ಅಟ್ಟಿಕೊಂಡು ಬಂದವರು ಉಡುಗೊರೆ ಕೊಟ್ಟರೂ ಬಿಟ್ಟುಕೊಡಲಿಲ್ಲ. ಈಗ ಹೇಳಿ, ಯಾರು ಗತಿಯಿಲ್ಲದವರು?"

ಅಂದಿನಿಂದ ಅವನು ಎಲ್ಲರಿಗೂ "ಭಾಯ್".

ಆ ಭಾಯ್ ಮೊನ್ನೆ ಕೆಲಸ ಮುಗಿಸಿ ಊರಿಗೆ ಹೊರಟ. ವಿಮಾನ ನಿಲ್ದಾಣಕ್ಕೆ ನಾನೇ ಕಾರು ಓಡಿಸಿದೆ. ಎರಡು ಗಂಟೆ ಮಾತಾಡಬಲ್ಲ ಮಾವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಇಳಿದ ಮೇಲೆ ಅವನು ಮಾವನ ಎರಡೂ ಕೈ ಹಿಡಿದು ಹರಕು ಹಿಂದಿಯಲ್ಲಿ, "ನೀನು ಹೇಳಿದ್ದನ್ನೆಲ್ಲ ನನ್ನ ಮಕ್ಕಳಿಗೆ ಹೇಳುತ್ತೇನೆ ಭಾಯ್," ಎಂದ.

ಮಾವ ಅವನ ಮಡಚಿಹೋಗಿದ್ದ ಕಾಲರ್ ಸರಿಮಾಡಿದರು.

"ತಪ್ಪಿದ್ದರೆ ತಿದ್ದಿ ಹೇಳು," ಎಂದರು. "ನಾನು ನಿನ್ನ ಊರು ಕಂಡವನಲ್ಲ. ನಿನ್ನನ್ನು ಮಾತ್ರ ಕಂಡವನು."