ಹಾಡಲು ಹೊರಟವರ ಗಂಟುಮೂಟೆ

ನಮ್ಮ ಓಣಿಯಲ್ಲಿ ಯಾವ ಕೆಲಸವೂ ಮೊದಲ ಸಲಕ್ಕೆ ನೆಟ್ಟಗಾಗುವುದಿಲ್ಲ. ಗಜೇಂದ್ರಗಡದ ಈ ನೇಕಾರರ ಓಣಿಗೆ ಸೊಸೆಯಾಗಿ ಬಂದು, ಜಂಪರು ಹೊಲಿಯುತ್ತಾ ಇಪ್ಪತ್ತು ವರ್ಷದಿಂದ ಇದನ್ನೇ ನೋಡಿಕೊಂಡು ಬಂದಿದ್ದೇನೆ. ಆದರೂ ನಮ್ಮ ಭಜನಾ ಮಂಡಳಿಯ ಐದು ಮಂದಿ ಹೆಂಗಸರು ಸಂಗೀತೋತ್ಸವಕ್ಕೆ ಗಂಟು ಕಟ್ಟಿದ ಆ ಒಂದು ವಾರವನ್ನು ಮೀರಿಸುವಂಥದ್ದು ಇನ್ನೂ ಆಗಿಲ್ಲ.

ಬಾದಾಮಿ ಕಡೆಯ ಒಂದು ಗುಡ್ಡದ ಬಯಲಲ್ಲಿ ಶನಿವಾರ, ರವಿವಾರ ಎರಡು ದಿನ ಹಾಡು. ಹಾಡುವವರು, ಕೇಳುವವರು ಎಲ್ಲರೂ ಡೇರೆ ಹಾಕಿಕೊಂಡು ಅಲ್ಲೇ ಇರಬೇಕು. ಯಾರದೋ ಫೋನಿನಲ್ಲಿ ನಮ್ಮ ಹಾಡಿನ ವಿಡಿಯೋ ನೋಡಿದ ಅಲ್ಲಿಯವರು ರವಿವಾರ ಮುಂಜಾನೆಯ ಮೊದಲ ಹಾಡಿಗೆ ನಮ್ಮನ್ನು ಕರೆದರು. ಮಂಡಳಿಗೆ ಮುಂದಾಳು ನಮ್ಮತ್ತೆ. ನಲವತ್ತು ವರ್ಷದಿಂದ ಗುಡಿಯಲ್ಲಿ ಹಾಡುತ್ತಿದ್ದರೂ ಅವರ ಕೈಗೆ ಮೈಕು ಬಂದಿರಲಿಲ್ಲ. ಮೊದಲು ಗಂಡಸರ ಭಜನೆ. ಹೆಂಗಸರ ಸರದಿ ಬರುವಷ್ಟರಲ್ಲಿ ಮೈಕಿನವನು ವೈರು ಸುತ್ತಿ ಗಾಡಿಗೆ ಏರಿಸಿರುತ್ತಿದ್ದ.

"ನನಗ ಶಾಲೂ ಬ್ಯಾಡ, ಹಾರಾನೂ ಬ್ಯಾಡ," ಅಂದರು ಅತ್ತೆ. "ಒಮ್ಮೆ ಮೈಕ್ ಹಿಡದು ಹಾಡಬೇಕು. ಅಷ್ಟ."

ಮಲಗುವ ಚೀಲ

ಕರೆದವರು ಒಂದು ಪಟ್ಟಿ ಕಳಿಸಿದ್ದರು. ಡೇರೆ, ಬ್ಯಾಟರಿ, ಒಳಗೆ ಹೊಕ್ಕು ಮಲಗುವ ಚೀಲ. ಉಳಿದ ಸಾಮಾನಿಗೆ ಒಬ್ಬರಿಗೆ ಒಂದೇ ಗಂಟು.

"ಸಂತಿಗೆ ಹೋಗೂದಕ್ಕ ನಾ ಎರಡ ಚೀಲ ಒಯ್ತೀನಿ," ಅಂದರು ಅತ್ತೆ. "ಎರಡ ದಿನಕ್ಕ ಒಂದ ಗಂಟು ಹ್ಯಾಂಗ ಸಾಲ್ತೈತಿ?"

ಮಲಗುವ ಚೀಲದ ಚಿತ್ರ ನೋಡಿ ನಾನು ಹಳೆಯ ಕೌದಿಯೊಂದನ್ನು ಮಡಿಚಿ, ತಳ ಹೊಲಿದು, ಪಕ್ಕಕ್ಕೆ ಕುತ್ತಿಗೆತನಕ ಜಿಪ್ಪು ಕೂಡಿಸಿದೆ. ಅಳತೆ ನೋಡಲು ಎದುರು ಮನೆಯಾಕೆಯ ಹತ್ತಿರ ಹೋದೆ. ಮಂಡಳಿಯಲ್ಲಿ ಎಲ್ಲರಿಗಿಂತ ಮೈಕೈ ತುಂಬಿದವಳು ಆಕೆ. ಆಕೆಗೆ ಹಿಡಿಸಿದರೆ ಎಲ್ಲರಿಗೂ ಹಿಡಿಸಿದಂತೆ. ಹಿಡಿಸಿತು. ಜಿಪ್ಪು ಮಾತ್ರ ಗದ್ದದ ಕೆಳಗೆ ಹೋಗಿ ಅಲ್ಲೇ ಕಚ್ಚಿಕೊಂಡು ಕೂತಿತು. ಕೈ ಎರಡೂ ಒಳಗೆ. ನಾನು ಎಣ್ಣೆ ಹಚ್ಚಿದೆ, ಎಳೆದೆ, ಗೋಡೆಗೆ ಕಾಲು ಕೊಟ್ಟು ಎಳೆದೆ.

ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುವ ವಾಸನೆ ಬಂತು. ನಾನು ಇಳಿಸುತ್ತೇನೆ ಎಂದರೂ ಆಕೆ ನನ್ನನ್ನು ನಂಬಲಿಲ್ಲ. ಎದ್ದು ನಿಂತು, ಕುಪ್ಪಳಿಸುತ್ತಾ ಪಡಸಾಲೆ ದಾಟಿ, ಅಡುಗೆಮನೆ ಹೊಕ್ಕು, ಬಾಯಿಂದಲೇ ಊದಿ ಊದಿ ಹಾಲನ್ನು ತಗ್ಗಿಸಿದಳು. ಅದೇ ಹೊತ್ತಿಗೆ ಮಗ್ಗದಿಂದ ಎದ್ದು ಬಂದ ಆಕೆಯ ಗಂಡ ಒಲೆಯ ಮುಂದೆ ನಿಂತ ಕೌದಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ನಾನು ಎಣ್ಣೆಯ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಮಣೆ ಎಳೆದುಕೊಂಡು ಕೂತು ಕೇಳಿದರು:

"ಚಾ ಆಗೇತೇನು?"

ಮನೆ ಮುಂದಿನ ಡೇರೆ

ಡೇರೆಯನ್ನೂ ನಾನೇ ಹೊಲಿದೆ. ಮಾವನವರ ಹಳೆಯ ಧೋತರಗಳು ಬೇಕಾದಷ್ಟಿದ್ದವು. ಬುಧವಾರ ಮುಂಜಾನೆ ನಾಲ್ಕು ಬಿದಿರು ಹುಗಿದು ಮನೆಯ ಮುಂದೆಯೇ ಒಮ್ಮೆ ಹಾಕಿ ನೋಡಿದೆವು. ಬೆಳ್ಳಗೆ ಚೆಂದ ಕಂಡಿತು.

ನಮ್ಮ ಕಡೆ ಮನೆಯ ಮುಂದೆ ಚಪ್ಪರ ಬಂತೆಂದರೆ ಮದುವೆ, ಇಲ್ಲವೇ ಸಾವು. ನಮ್ಮ ಮನೆಯಿಂದ ಯಾರಿಗೂ ಲಗ್ನಪತ್ರ ಹೋಗಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಹೊರಟಿದ್ದ ನೆಂಟರೊಬ್ಬರು ದೂರದಿಂದ ಬಿಳಿ ಬಟ್ಟೆ ನೋಡಿದರು, ಹತ್ತಿರ ಬಂದು ಕೇಳುವಷ್ಟು ಪುರುಸೊತ್ತಿಲ್ಲದೆ ಕೊಣ್ಣೂರಿಗೆ ಫೋನು ಮಾಡಿದರು. ಕೊಣ್ಣೂರಿನಲ್ಲಿ ಅತ್ತೆಯ ತಂಗಿ ಇದ್ದಾರೆ.

ಮಧ್ಯಾಹ್ನ ಓಣಿಯ ತುದಿಯಿಂದಲೇ ಅಳು ಕೇಳಿತು. "ಅಕ್ಕಾ, ನನ್ನೊಬ್ಬಾಕಿನ್ನ ಬಿಟ್ಟ ಹ್ಯಾಂಗ ಹೋದ್ಯವ್ವಾ." ತಲೆಯ ಮೇಲೆ ಬುಟ್ಟಿ, ಕಣ್ಣಿಗೆ ಸೆರಗು. ನಾನು ಅಡ್ಡ ಹೋಗುವ ಮೊದಲೇ ಅವರು ಡೇರೆ ಮುಟ್ಟಿದ್ದರು. ಅತ್ತೆ ಒಳಗೆ ಉದ್ದಕ್ಕೆ ಮಲಗಿ, ಡೇರೆ ಸಾಲುತ್ತದೋ ಇಲ್ಲವೋ ನೋಡುತ್ತಿದ್ದರು. ಸಾಲುತ್ತಿರಲಿಲ್ಲ; ಎರಡೂ ಪಾದ ಹೊರಗಿದ್ದವು. ತಂಗಿ ಆ ಪಾದಗಳ ಮೇಲೆ ಬಿದ್ದು ಹಾಡಿ ಹಾಡಿ ಅತ್ತರು. ಪಾದಗಳು ಸರಕ್ಕನೆ ಒಳಗೆ ಹೋದವು.

ಬಳಿಕ ಅದೇ ಜಾಗದಲ್ಲಿ ಅತ್ತೆಯ ಮುಖ ಬಂತು. "ಯಾಕ, ಯಾರ ಹೋದ್ರು?"

ತಂಗಿಗೆ ನೀರು ಕುಡಿಸಿ, ಗಾಳಿ ಹಾಕಿ ಎಲ್ಲ ಹೇಳಿದೆವು. ಇಷ್ಟು ಎತ್ತರದ ದನಿ ಮನೆಯಲ್ಲೇ ಇದ್ದದ್ದು ಗೊತ್ತಿರಲಿಲ್ಲ ಅಂತ ಅತ್ತೆ ಆಕೆಯನ್ನು ಅಲ್ಲೇ ಮಂಡಳಿಗೆ ಆರನೆಯವಳಾಗಿ ಸೇರಿಸಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಪಾಪ, ಅವರು ಬುತ್ತಿ ಕಟ್ಟಿಕೊಂಡೇ ಬಂದಿದ್ದರು. ಅತ್ತೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ನೋಡಿ ಮುಖ ಸಣ್ಣದು ಮಾಡಿದರು.

"ನಾ ಸತ್ತದ್ದಕ್ಕ ಬರೇ ಕಡ್ಲಿಹಿಟ್ಟಿನ ಝುಣಕಾನ? ಬದನಿಕಾಯಿ ಸಿಗಲಿಲ್ಲೇನು?"

ಗಂಡಸರ ಪ್ರವಾಸ

ನಮ್ಮ ಗಂಟಿಗಿಂತ ಕಷ್ಟದ್ದು ಮನೆಯಲ್ಲಿ ಉಳಿಯುವ ಗಂಡಸರದು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಮಾವನವರಿಗೆ ಈ ವಯಸ್ಸಿನವರೆಗೂ ಗೊತ್ತಿರಲಿಲ್ಲ. ತೋರಿಸಿದರೆ, "ಇಷ್ಟ ವರ್ಷ ಇಲ್ಲೇ ಇತ್ತೇನು?" ಎಂದು ಕೇಳಿದರು. ಕಡೆಗೆ ಎಲ್ಲ ಮನೆಯ ಗಂಡಸರೂ ಎರಡು ದಿನ ನಮ್ಮ ಮನೆಯಲ್ಲೇ ಕೂಡಿ ಇರುವುದು ಎಂದು ತೀರ್ಮಾನವಾಯಿತು.

ಶುಕ್ರವಾರ ಸಂಜೆಯೇ ಅವರು ಬಂದಿಳಿದರು. ಹಾಸಿಗೆ, ತಲೆದಿಂಬು, ಲುಂಗಿ, ದಾಡಿಯ ಸಾಮಾನು, ಇಸ್ಪೀಟು, ಎಲೆಯಡಿಕೆ, ಎಲ್ಲವೂ ನಮ್ಮವುಗಳಂತೆಯೇ ಹಳೆಯ ಸೀರೆಗಳಲ್ಲಿ ಗಂಟು ಗಂಟಾಗಿ. ಎದುರು ಮನೆಯಾಕೆಯ ಗಂಡ ತಮ್ಮ ಗಂಟನ್ನು ಬಾಡಿಗೆ ಟಂಟಂ ಆಟೋದಲ್ಲಿ ತರಿಸಿದ್ದರು. ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು: "ರಸ್ತಾ ದಾಟಿ ಬರೂದಕ್ಕ ಇಷ್ಟ ಸಾಮಾನ?"

"ಹೊರಗ ಹೋದಮ್ಯಾಲೆ ಏನ ಬೇಕಾಗ್ತೈತೋ ಹೇಳಾಕ ಬರೂದಿಲ್ರಿ," ಅಂದರು ಅವರು.

ಮುಂಜಾನೆಯ ಮೈಕು

ಶನಿವಾರ ಗಂಡಸರು ಭಾರೀ ಹುಮ್ಮಸ್ಸಿನಲ್ಲಿದ್ದರು. "ನೀವು ಕುಂದರ್ರಿ, ಗಂಟು ನಾವು ಏರಸ್ತೀವಿ," ಅಂದರು ಮಾವ. ಗಾಡಿಗೆ ಏರಿಸಿದರು. ಗುಡ್ಡದ ಬಯಲು ಮುಟ್ಟಿ, ಡೇರೆ ಹಾಕಿ, ಸಂಜೆ ಗಂಟು ಬಿಚ್ಚಿದಾಗ ಒಂದರಲ್ಲಿ ಲುಂಗಿ, ಇನ್ನೊಂದರಲ್ಲಿ ಇಸ್ಪೀಟು, ಮತ್ತೊಂದರಲ್ಲಿ ದಾಡಿಯ ಸಾಮಾನು. ಒಂದೇ ಬಣ್ಣದ ಹೊಸ ಸೀರೆಗಳು, ತಾಳಗಳು ಎಲ್ಲ ಗಜೇಂದ್ರಗಡದ ಪಡಸಾಲೆಯಲ್ಲಿ ಉಳಿದಿದ್ದವು. ನಾನು ಸಿಟ್ಟಿನಿಂದ ಫೋನು ಹಚ್ಚಿದೆ. ನಾನು ಬಾಯಿ ತೆಗೆಯುವ ಮೊದಲೇ ಮಾವ ಅಂದರು: "ನಿಮ್ಮ ಗಂಟಿನ್ಯಾಗ ಒಂದರ ತಲಿದಿಂಬ ಇಟ್ಟೀರೇನು?"

ರವಿವಾರ ಮುಂಜಾನೆ ಮುದುಡಿದ ಸೀರೆಯಲ್ಲೇ ಆರೂ ಮಂದಿ ವೇದಿಕೆ ಹತ್ತಿದೆವು. ತಾಳದ ಬದಲು ಅತ್ತೆಯ ತಂಗಿಯ ಕೈಯಲ್ಲಿ ದಾಡಿ ಮಾಡುವ ಸ್ಟೀಲ್ ಬಟ್ಟಲು ಎರಡು. ಬಯಲಲ್ಲಿ ಎಲ್ಲ ಡೇರೆಗಳ ಬಾಗಿಲೂ ಮುಚ್ಚಿದ್ದವು. ಇಂದು ಯಾರಾದರೂ ನಕ್ಕರೆ ಅತ್ತೆ ಇನ್ನೆಂದೂ ಬಾಯಿ ತೆಗೆಯಲಾರರು ಎಂದು ನನಗೆ ಗೊತ್ತಿತ್ತು.

ಸೌಂಡ್ ನೋಡಿಕೊಳ್ಳುವ ಗಡ್ಡದವರೊಬ್ಬರು ಮೈಕು ಕೊಟ್ಟರು. ಅತ್ತೆ ಅದನ್ನು ಲಟ್ಟಣಿಗೆ ಹಿಡಿದಂತೆ ಹಿಡಿದು ಹಾಡು ಎತ್ತಿದರು. ನಲವತ್ತು ವರ್ಷ ಮೈಕಿಲ್ಲದೆ, ಮಕ್ಕಳ ಗದ್ದಲದ ಮೇಲೆ ಗುಡಿಯ ಕಡೆಯ ಕಂಬಕ್ಕೆ ಮುಟ್ಟಿಸಿದ ಗಂಟಲು ಅದು. ಸ್ಪೀಕರ್ ಡಬ್ಬಿಗಳು ಕಿರ್ ಅಂತ ಚೀರಿದವು. ಸೌಂಡಿನವರು ಓಡಿ ಹೋಗಿ ಸ್ವಲ್ಪ ತಗ್ಗಿಸಿದರು. ಎರಡನೇ ಸಾಲಿಗೆ ಇನ್ನಷ್ಟು ತಗ್ಗಿಸಿದರು. ಮೂರನೇ ಸಾಲಿಗೆ ನನ್ನ ಕಡೆ ಕೈ ಮುಗಿದು ಮೈಕನ್ನೇ ಪೂರಾ ಬಂದ್ ಮಾಡಿಬಿಟ್ಟರು.

ಅತ್ತೆಗೆ ಅದು ತಿಳಿಯಲೇ ಇಲ್ಲ. ದನಿ ಬಯಲು ದಾಟಿ ಹೋಯಿತು. ಒಂದೊಂದೇ ಡೇರೆ ತೆರೆದು, ಕಣ್ಣುಜ್ಜುತ್ತಾ ಜನ ಬಂದು ವೇದಿಕೆಯ ಮುಂದೆ ಕೂತರು. ಹಾಡು ಮುಗಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಮೈಕನ್ನು ಎದೆಗೊತ್ತಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಸೌಂಡಿನವರು ನನ್ನ ಕಿವಿಯಲ್ಲಿ, "ಅಜ್ಜಿಗೆ ಹೇಳಬ್ಯಾಡ್ರಿ," ಅಂದರು. ನಾನು ಇವತ್ತಿಗೂ ಹೇಳಿಲ್ಲ.

ಊರಿಗೆ ಬಂದ ದಿನ ಗಂಡಸರೆಲ್ಲ ಸುತ್ತ ಕೂತು, ಮೈಕಿನಲ್ಲಿ ಹಾಡಿದ್ದು ಹೇಗಾಯಿತು ಎಂದು ಕೇಳಿದರು. ಅತ್ತೆ ಕಾಲು ಚಾಚಿ ಕೂತು, ಚಹಾ ಕುಡಿದು ಮುಗಿಸಿ ಹೇಳಿದರು:

"ಗಂಟಲಿಗೆ ಏನೂ ತ್ರಾಸ ಇಲ್ಲ, ಎಲ್ಲಾ ಅದ ಹಾಡ್ತೈತಿ. ಇಷ್ಟ ಹಗೂರ ಕೆಲಸಕ್ಕ ಇಷ್ಟ ವರ್ಷ ದೊಡ್ಡಸ್ತನ ಮಾಡಿದ್ರೇನ ನೀವು?"