ಅರವತ್ತೆರಡನೆಯ ಚೀಲದ ಹಾಡು

ಮೆಣಸಿನಕಾಯಿ ಅಂಗೈ ಮೇಲೆ ಬಂದರೆ ಸಾಕು, ಬಣ್ಣ ಎಷ್ಟು, ಖಾರ ಎಷ್ಟು, ಎಷ್ಟು ದಿನ ಬಿಸಿಲು ಕಂಡಿದೆ, ಚೀಲದ ತಳದಲ್ಲಿ ಯಾರು ಏನು ಸೇರಿಸಿದ್ದಾರೆ, ಎಲ್ಲ ಹೇಳಿಬಿಡುತ್ತೇನೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಇಪ್ಪತ್ತೆಂಟು ವರ್ಷ ಸೀನಿದ ಮೂಗು ಇದು! ಈ ಮೂಗು ಮೋಸ ಹೋದದ್ದು ಒಂದೇ ಸಲ, ರಾಣೆಬೆನ್ನೂರಿಗೆ ಹೆಣ್ಣು ನೋಡಲು ಹೋದಾಗ.

ಮಹೇಶ್ವರಿಯನ್ನು ಅವತ್ತು ಪಕ್ಕಾ ವ್ಯಾಪಾರಿಯ ಕಣ್ಣಿನಿಂದಲೇ ನೋಡಿದೆ. ಬಣ್ಣ, ಕಡುಗೆಂಪಿಗೆ ಹೆಸರಾದ ಡಬ್ಬಿ ಮೆಣಸಿನಕಾಯಿಯಂತೆ, ಒಂದನೇ ನಂಬರು. ಮಾತು ಕಡಿಮೆ. ಖಾರ ಮೇಲ್ನೋಟಕ್ಕೆ ಕಾಣದು, ಹಲ್ಲಿನಡಿ ಇಟ್ಟ ಮೇಲೆ ಗೊತ್ತಾಗುವ ಜಾತಿ. ತಲೆ ಚುರುಕು. ಯಾಕೆಂದರೆ ಒಂದೇ ತಾಟಿನಲ್ಲಿ ಒಂಬತ್ತು ಕಪ್ ಚಹಾ, ಎರಡು ಬಟ್ಟಲು ಚೂಡಾ, ಒಂದು ತಂಬಿಗೆ ನೀರು, ಒಂದು ಬೆರಳು ಸಂದು ಬಿಡದೆ ಹೊಂದಿಸಿಕೊಂಡು ತಂದಿದ್ದಳು. ಮಾಲು ಪಸಂದ ಎಂದು ಮನಸ್ಸಿನಲ್ಲೇ ಖರೀದಿ ಚೀಟಿ ಬರೆದೆ. ಆದರೆ ಚೀಲದ ತಳ ನೋಡಲಿಲ್ಲ. ತಳದಲ್ಲಿ ಬ್ರಿಕ್ ಗೇಮ್ ಇತ್ತು!

ನೋಡಿದವರಿಗೆ ನೆನಪಿರಬೇಕು. ಅಂಗೈ ಅಗಲದ ಪ್ಲಾಸ್ಟಿಕ್ ಪೆಟ್ಟಿಗೆ, ಹಿಂದೆ ಎರಡು ಪೆನ್ಸಿಲ್ ಸೆಲ್ಲು. ಮೇಲಿನಿಂದ ಒಂದೊಂದು ಆಕಾರದ ಇಟ್ಟಿಗೆ ಬೀಳುತ್ತವೆ. ಅವನ್ನು ತಿರುಗಿಸಿ, ಸರಿಸಿ, ಕೆಳಗೆ ಸಾಲು ತುಂಬಿಸಬೇಕು. ತುಂಬಿದ ಸಾಲು ಮಾಯವಾಗುತ್ತದೆ, ಸಂದು ಬಿಟ್ಟ ಸಾಲು ಹಾಗೇ ಉಳಿದು ತಲೆಯ ಮೇಲೆ ಕೂರುತ್ತದೆ, ತುದಿ ಮುಟ್ಟಿದರೆ ಆಟ ಮುಗಿಯಿತು. ಇಷ್ಟೇ. ಇಷ್ಟಕ್ಕೆ ನನ್ನ ಹೆಂಡತಿ ಇಪ್ಪತ್ನಾಲ್ಕು ವರ್ಷ ಕೊಟ್ಟಿದ್ದಾಳೆ!

ಕಾರಣ ಮೆಹನಾಜ. ಮಹೇಶ್ವರಿಯ ತವರಿನಲ್ಲಿ ಗೋಡೆಯಾಚೆಯ ಮನೆಯವಳು, ಒಂದೇ ಬೆಂಚಿನಲ್ಲಿ ಕೂತು ಕಲಿತವಳು, ಈಗ ಹಾವೇರಿಯ ಸೊಸೆ. ಎಸ್ಸೆಸ್ಸೆಲ್ಸಿ ಸೂಟಿಯಲ್ಲಿ ಈ ಮೆಹನಾಜ ಮಹೇಶ್ವರಿಯದೇ ಪೆಟ್ಟಿಗೆ ಇಸಿದುಕೊಂಡು, ಮಹೇಶ್ವರಿಯದೇ ಕಟ್ಟೆಯ ಮೇಲೆ ಕೂತು, ಮಹೇಶ್ವರಿಯದೇ ಶೇಂಗಾ ತಿನ್ನುತ್ತ ಎಪ್ಪತ್ಮೂರು ಸಾವಿರದ ನಾಲ್ಕುನೂರು ಅಂಕ ಹೊಡೆದಳು. ಆ ಅಂಕಿ ಪರದೆಯ ಮೂಲೆಯಲ್ಲಿ 'ಹೈ ಸ್ಕೋರ್' ಎಂದು ಕೂತುಬಿಟ್ಟಿತು. ಅದನ್ನು ಮುರಿಯುವುದೇ ನನ್ನ ಹೆಂಡತಿಯ ಜನ್ಮದ ಗುರಿ. ಒಮ್ಮೆ ಎಪ್ಪತ್ತೊಂದು ಸಾವಿರದ ಒಂಬೈನೂರರ ತನಕ ಹೋಗಿದ್ದಳು. ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಪಡಸಾಲೆಯಿಂದ "ಚಾ ಎಲ್ಲೈತಿ?" ಎಂದು ಕೂಗಿದ. ಕೈ ಜಾರಿತು. ಆ ಪುಣ್ಯಾತ್ಮನನ್ನು ಎಂಟು ದಿನ ಮನೆಯಲ್ಲಿ ಯಾರೂ ಮಾತಾಡಿಸಲಿಲ್ಲ, ಚಹಾ ಅವನೇ ಕಾಸಿಕೊಂಡ. ಯಾರೆಂದು ಹೇಳುವ ಅಗತ್ಯವಿಲ್ಲ.

ಇನ್ನೊಂದು ಫಜೀತಿ. ಸೆಲ್ಲು ತೆಗೆದರೆ ಆ ಅಂಕಿ ಅಳಿಸಿಹೋಗುತ್ತದೆ. ಒಂದು ಉಸಿರಿನೊಳಗೆ ಹೊಸ ಸೆಲ್ಲು ಕೂರಿಸಿದರೆ ಮಾತ್ರ ಉಳಿಯುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಸೆಲ್ಲು ಬದಲಿಸುವುದೆಂದರೆ ಕಣ್ಣಿನ ಆಪರೇಶನ್ ಇದ್ದ ಹಾಗೆ! ಫ್ಯಾನು ಬಂದ್, ಬಾಗಿಲು ಬಂದ್, ನನ್ನ ಬಾಯಿ ಬಂದ್.

ಆಟ ಪೆಟ್ಟಿಗೆಯೊಳಗೇ ಇದ್ದಿದ್ದರೆ ಸಹಿಸುತ್ತಿದ್ದೆ. ಅದು ಆಕೆಯ ತಲೆಯೊಳಗೆ ಇಳಿದಿದೆ. ಫ್ರಿಜ್ಜಿನಲ್ಲಿ ಒಂದು ಲಿಂಬೆಹಣ್ಣು ಹೆಚ್ಚಿಗೆ ಹಿಡಿಯದು, ಒಂದು ಕಡಿಮೆಯೂ ಆಗದು. ಅಡುಗೆಮನೆಯ ಡಬ್ಬಿಗಳ ಸಾಲು ತುಂಬಿದ ಮೇಲೆ ಆಕೆ ಒಂದು ಗಳಿಗೆ ನಿಂತು ನೋಡುತ್ತಾಳೆ, ಸಾಲು ಯಾಕೆ ಮಾಯವಾಗಲಿಲ್ಲ ಎಂದು! ದೇವರಗುಡ್ಡಕ್ಕೆ ಹೋದಾಗ ಒಂದು ಆಟೋದಲ್ಲಿ ನಮ್ಮ ಬೀಗರು ಒಂಬತ್ತು ಮಂದಿಯನ್ನು ಕೂರಿಸಿದ್ದಳು. ಆಟೋದವನು ಕೈ ಮುಗಿದ, ಮೈಲಾರಲಿಂಗನಿಗಲ್ಲ, ಈಕೆಗೆ. ಸೋಫಾದ ನಡುವೆ ನಾನು ಕೂತರೆ, "ಏನ್ರಿ, ಮೂಲಿಗೆ ಸರೀರಿ. ನಡುವ ಕುಂತ್ರ ಎರಡೂ ಕಡೆ ಸಂದು ಬೀಳತೈತಿ" ಎನ್ನುತ್ತಾಳೆ. ಸ್ವಂತ ಸೋಫಾದಲ್ಲಿ ನಾನೊಂದು ಇಟ್ಟಿಗೆ!

ಕಳೆದ ಶನಿವಾರ ಸಂಜೆ ನನ್ನ ತಾಳ್ಮೆಯ ಹೊಲಿಗೆ ಬಿಚ್ಚಿತು. ಮಾರ್ಕೆಟ್ಟಿನಿಂದ ಬಂದು ಅರ್ಧ ತಾಸಾಗಿತ್ತು, ನೀರು ಸಹ ಕೇಳುವವರಿಲ್ಲ.

"ಏ ಮಹೇಶ್ವರಿ!"

"ತಡೀರಿ, ಉದ್ದಂದು ಬರಾಕತ್ತೈತಿ."

"ಯಾರು ಬರಾಕತ್ತಾರ?"

"ಮನುಷ್ಯಾರಲ್ಲರಿ. ನಾಕು ಇಟ್ಟಂಗಿದು ಕೋಲು. ಅದೊಂದು ಬಿದ್ರ ನಾಕು ಸಾಲು ಒಮ್ಮೆಲೆ ಹೋಗತಾವ. ನಾಳೆ ಮೆಹನಾಜ ಬರ್ತಾಳ, ಪ್ರ್ಯಾಕ್ಟೀಸ್ ಬ್ಯಾಡೇನು? ಈ ಸಲ ಆಕೀ ಮುಂದ ಆಕೀ ಸ್ಕೋರ್ ಮುರೀತೇನಿ."

ನಾನು ಗರ್ಜಿಸಿದೆ. "ಈ ಮನ್ಯಾಗ ಒಂದು ನಾ ಇರಬೇಕು, ಇಲ್ಲಾ ಆ ಪೆಟಗಿ ಇರಬೇಕು!"

ಆಕೆ ತಲೆ ಎತ್ತದೆ ಹೇಳಿದಳು. "ಪೆಟಗಿಗೆ ವರ್ಷಕ್ಕ ನಾಕು ಸೆಲ್ ಸಾಕು. ನಿಮಗ ದಿನಾ ಮೂರು ಹೊತ್ತು ರೊಟ್ಟಿ ಬೇಕು. ವ್ಯಾಪಾರಸ್ಥರು, ಯಾವುದು ಪರವಡಸತೈತಿ, ಯಾವುದು ಲುಕ್ಸಾನು, ನೀವ ಹೇಳ್ರಿ."

ಅಲ್ಲೇ ಶಪಥ ಮಾಡಿದೆ. ನಾಳೆ ಪಂದ್ಯ ನಡೆಯಕೂಡದು! ಒಂದು ಸಲ ತಪ್ಪಿದರೆ ಚಟ ತಾನಾಗಿ ಒಣಗುತ್ತದೆ. ಆಕೆ ಹಿಟ್ಟು ನಾದಲು ಒಳಗೆ ಹೋದಳು. ಪೆಟ್ಟಿಗೆಯನ್ನು ಎತ್ತಿಕೊಂಡು ಹಿತ್ತಿಲ ಗೋದಾಮಿಗೆ ನಡೆದೆ. ಬೇರೆಯವರಾದರೆ ಅಟ್ಟದ ಮೇಲೋ ಅಕ್ಕಿ ಡಬ್ಬಿಯಲ್ಲೋ ಇಡುತ್ತಿದ್ದರು. ನಾನು ಮೆಣಸಿನಕಾಯಿ ವ್ಯಾಪಾರಿ! ಮನೆಖರ್ಚಿಗೆಂದು ಬೇರೆ ಇಟ್ಟಿದ್ದ, ಬಾಯಿ ಹೊಲಿಯದ ಚೀಲವೊಂದು ಮೂಲೆಯಲ್ಲಿತ್ತು. ಮೊಣಕೈ ಮಟ ಕೈ ತೂರಿಸಿ ಪೆಟ್ಟಿಗೆ ಹುಗಿದೆ. ಸುಮ್ಮನೆ ಮೆಣಸಿನಕಾಯಿ ಚೀಲದೊಳಗೆ ಕೈ ಹಾಕುವ ಹುಚ್ಚರು ಈ ಊರಿನಲ್ಲಿ ಇಲ್ಲ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ರವಿವಾರ ಮುಂಜಾನೆ ಕೋಲ್ಡ್ ಸ್ಟೋರೇಜಿಗೆ ಮಾಲು ಹೋಗುವುದಿತ್ತು. ಹಮಾಲರ ಮುಖಂಡ ಖಲಂದರ ಮೂವರನ್ನು ಕರೆದುಕೊಂಡು ಬಂದ. ಮೆಹನಾಜಳನ್ನು ಕರೆತರಲು ನಾನು ಬಸ್ ಸ್ಟ್ಯಾಂಡಿಗೆ ಹೊರಟಿದ್ದೆ. ಹೋಗುವ ಅವಸರದಲ್ಲಿ ದೊಡ್ಡ ಸಾವಕಾರನ ಗತ್ತಿನಲ್ಲಿ ಹೇಳಿದೆ. "ಖಲಂದರ, ಗೋದಾಮು ಕನ್ನಡಿಹಂಗ ಖಾಲಿ ಆಗಬೇಕು. ಒಂದು ಕಾಯಿ ಉಳೀಬಾರ್ದು!"

ಇಪ್ಪತ್ತೆಂಟು ವರ್ಷದಲ್ಲಿ ಖಲಂದರ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು.

ದಾರಿಯುದ್ದಕ್ಕೂ ಮೆಹನಾಜ ಸ್ಕೂಟರಿನ ಹಿಂದೆ ಕೂತು ಕುಟುಕಿದಳು. "ಮಾಮಾರ, ಹೊಸಾ ಸೆಲ್ ಹಾಕ್ಸೀರಿಲ್ಲ? ಆಮ್ಯಾಲ ಸೋತು, ಸೆಲ್ ವೀಕ್ ಇದ್ದೂ ಅಂತ ನಿಮ್ಮ ಮನಿಯಾಕಿ ಹೇಳಬಾರ್ದು."

"ಪೆಟಗಿ ಇದ್ರಲ್ಲ ಸೆಲ್ಲು!" ಎಂದು ಒಳಗೊಳಗೇ ನಕ್ಕೆ.

ಮನೆಗೆ ಬಂದರೆ ಬಾಗಿಲ ಮುಂದೆ ಲಾರಿ ತುಂಬಿ ನಿಂತಿದೆ, ಹಗ್ಗ ಬಿಗಿದಾಗಿದೆ. ಹೊಸ್ತಿಲಲ್ಲಿ ಮಹೇಶ್ವರಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಾಳೆ.

"ನನ್ನ ಗೇಮ್ ಎಲ್ಲಿ?"

"ನನಗೇನು ಗೊತ್ತು? ಇಲಿ ಒಯ್ದಿರಬೇಕು."

"ಹೌದೌದು," ಎಂದಳು ಮೆಹನಾಜ, "ಇಲಿಗೂ ನನ್ನ ಸ್ಕೋರ್ ಮುರಿಯೂ ಆಸೆ ಇತ್ತೇನೋ!"

ಚೀಲ ಭದ್ರವಾಗಿದೆಯೋ ನೋಡಿ ಬರೋಣವೆಂದು ಗೋದಾಮಿಗೆ ಇಣುಕಿದೆ. ಕನ್ನಡಿ! ಕಸ ಸಹ ಗುಡಿಸಿದ್ದರು. ಮೂಲೆ ಇತ್ತು, ಮೂಲೆಯ ಚೀಲ ಇರಲಿಲ್ಲ.

"ಆ ಬಾಯಿ ಬಿಟ್ಟ ಚೀಲ?"

"ನಾನ ಹೊಲದು ಎಲ್ಲಾಕಿಂತ ಮೊದಲ ಹಾಕೇನ್ರಿ, ಸಾವ್ಕಾರ್ರ," ಎಂದ ಖಲಂದರ, ಶಹಬ್ಬಾಸ್‌ಗಿರಿಗೆ ಕಾಯುತ್ತ. "ಅರವತ್ತೊಂದು ಹೇಳಿದ್ರಿ, ಇದು ಸೇರಿ ಒಟ್ಟ ಅರವತ್ತೆರಡು."

ಅದೇ ಹೊತ್ತಿಗೆ ಡ್ರೈವರ್ ಮಲ್ಲಿಕಸಾಬ ಲಾರಿ ಚಾಲೂ ಮಾಡಿದ. ಲಾರಿ ಗಡಗಡ ನಡುಗಿತು. ಒಳಗೆ ಯಾವ ಕಾಯಿ ಯಾವ ಗುಂಡಿ ಒತ್ತಿತೋ ಏನೋ, ಅರವತ್ತೆರಡು ಚೀಲಗಳ ಹೊಟ್ಟೆಯೊಳಗಿಂದ ಸಣ್ಣಗೆ, ಆದರೆ ಸ್ವಚ್ಛವಾಗಿ, ಟೀಂವ್ ಟೀಂವ್ ಟೀಟೀ ಟೀಂವ್ ಎಂದು ಹಾಡು ಬಂತು!

ಮಲ್ಲಿಕಸಾಬ ಎಂಜಿನ್ ಬಂದ್ ಮಾಡಿ ಕೆಳಗಿಳಿದು ನನ್ನ ಮುಖ ನೋಡಿದ. "ಶೇಖಪ್ಪಣ್ಣ, ನಿಮ್ಮ ಮಾಲು ಹಾಡಾಕತ್ತೈತಲ್ರಿ!"

ಮಹೇಶ್ವರಿ ಲಾರಿಗೆ ಕಿವಿ ಹಚ್ಚಿದಳು. "ತಳದ ಸಾಲು. ಕ್ಯಾಬಿನ್ ಕಡಿಂದ ಮೊದಲನೇದು, ಬಲಗಡೆ ಮೂಲಿ." ಆಮೇಲೆ ನನ್ನ ಕಡೆ ತಿರುಗಿ, ತೀರ ಮೆತ್ತಗೆ, "ಇಲಿ ಭಾಳ ದೂರ ಒಯ್ದೈತಿ, ಅಲ್ರಿ?" ಎಂದಳು.

ಹೇಳಿಬಿಟ್ಟೆ. ಎಲ್ಲರೆದುರು.

ಕೋಲ್ಡ್ ಸ್ಟೋರೇಜಿನ ಗೇಟು ಒಂದು ಗಂಟೆಗೆ ಮುಚ್ಚುತ್ತಿತ್ತು. ಹನ್ನೊಂದಾಗಿತ್ತು. ತಳದ ಚೀಲ ಬೇಕೆಂದರೆ ಮೇಲಿನವೆಲ್ಲ ಇಳಿಯಲೇಬೇಕು. ಖಲಂದರ ನನ್ನನ್ನು ನೋಡಿದ ನೋಟಕ್ಕೆ ಅರ್ಥ ಹೇಳಿದರೆ ಇದನ್ನು ಯಾರೂ ಅಚ್ಚು ಹಾಕಲಾರರು. ಒಂದೊಂದೇ ಚೀಲ ಧೊಪ್ಪೆಂದು ಓಣಿಗೆ ಬಿತ್ತು. ಓಣಿ ಕೆಂಪಾಯಿತು. ಎದುರು ಮನೆಯವರು ಸೀನಿದರು, ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡು ಸೀನಿದರು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಎದ್ದು ಏಳು ಸಲ ಸೀನಿ, ನಮ್ಮ ಮನೆಯ ಸಂಬಂಧವನ್ನೇ ಕಡಿದುಕೊಂಡು ಹೋಯಿತು!

ಕೊನೆಗೂ ಆ ಚೀಲ. ಹೊಲಿಗೆ ಹರಿದೆ, ಭುಜದ ಮಟ ಕೈ ಇಳಿಸಿದೆ, ಸಿಕ್ಕಿತು! ಹಾಡುತ್ತಿದ್ದ ಪೆಟ್ಟಿಗೆಯನ್ನು ಕಪ್ ಗೆದ್ದವನಂತೆ ಮೇಲೆತ್ತಿದೆ. ಹಣೆಯ ಬೆವರು ಕಣ್ಣಿಗಿಳಿಯಿತು. ಇಪ್ಪತ್ತೆಂಟು ವರ್ಷದ ಅನುಭವಿ ವ್ಯಾಪಾರಿಯಾದ ನಾನು ಆ ಕೈಯಿಂದಲೇ ಕಣ್ಣು ಒರೆಸಿಕೊಂಡೆ.

ಆಮೇಲಿನ ಕುಣಿತವನ್ನು ಓಣಿಯವರು ಮೊಬೈಲಿನಲ್ಲಿ ಹಿಡಿದಿದ್ದಾರೆ. ನನಗೆ ನೆನಪಿರುವುದು ಎರಡು ಸಪ್ಪಳ. ಒಂದು, ಪೆಟ್ಟಿಗೆ ಕಲ್ಲಿಗೆ ಬಡಿದದ್ದು. ಎರಡು, ಸೆಲ್ಲುಗಳು ಹೊರಬಿದ್ದು ಉರುಳಿ ಹೋದದ್ದು. ಹಾಡು ನಿಂತಿತು.

ಮಹೇಶ್ವರಿ ಸೆಲ್ಲು ಹುಡುಕಿ ಹಾಕಿದಳು. ಪರದೆ ಬಂತು. ಮೂಲೆಯಲ್ಲಿ ಸೊನ್ನೆ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಪ್ಪತ್ನಾಕು ವರ್ಷ ಬೆನ್ನ ಹತ್ತಿದ್ದೆ," ಎಂದಳು, ಅಷ್ಟೇ. ಮೆಹನಾಜ ಆಕೆಯ ಹೆಗಲ ಮೇಲೆ ಕೈ ಇಟ್ಟಳು. ನಾನು ಕಣ್ಣಿಗೆ ಮೊಸರು ಬಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದೆ. ನೀರು ಸುರಿಯುತ್ತಿತ್ತು. ಮೆಣಸಿನಕಾಯಿಯದೇ ಅಂತ ಅಂದುಕೊಳ್ಳಿ.

ಅತ್ತ ಹಮಾಲರು ಹರಿದ ಚೀಲವನ್ನು ಮತ್ತೆ ಹೊಲಿದು, ಸಿಟ್ಟಿನಲ್ಲಿ ಎಲ್ಲ ಚೀಲ ಎಸೆದೆಸೆದು ಮತ್ತೆ ಲಾರಿ ತುಂಬಿದರು. ತುಂಬಿತು. ಆದರೆ ನಾಲ್ಕು ಚೀಲ ಕೆಳಗೇ ಉಳಿದವು!

"ಮೊದಲ ಹಿಡದಿದ್ದೂವಲ್ಲೋ!" ಎಂದೆ.

"ಮೊದಲ ನಮಗ ತಲಿ ಸರಿ ಇತ್ರಿ," ಎಂದ ಖಲಂದರ.

"ಹನ್ನೆರಡಾತು," ಎಂದ ಮಲ್ಲಿಕಸಾಬ. "ನಾ ಹೊಂಟೆ. ನಾಕು ಚೀಲ ಸ್ಕೂಟರ್ ಮ್ಯಾಲ ತಗೊಂಡು ಬರ್ರಿ."

ಒಳಗೆ ಹೊರಟಿದ್ದ ಮಹೇಶ್ವರಿ ಹೊಸ್ತಿಲಲ್ಲಿ ನಿಂತಳು. ತಿರುಗಿ ಲಾರಿ ನೋಡಿದಳು. ಸೆರಗು ಮೂಗಿಗೆ ಕಟ್ಟಿ ಲಾರಿ ಹತ್ತಿದಳು.

"ಮಹೇಶ್ವರಿ, ನನ್ನ ಸಲುವಾಗಿ ನೀ ಇಷ್ಟು..." ಎಂದು ನಾನು ಮೊಸರು ಮೆತ್ತಿದ ಮುಖ ಎತ್ತಿದೆ.

"ನಿಮ್ಮ ಸಲುವಾಗಿ ಅಲ್ಲ. ಆ ಸಂದು ನನ್ನ ಕೈಲೆ ನೋಡಾಕ ಆಗವಲ್ದು!"

ಲಾರಿಯ ಮೇಲೆ ಮಹೇಶ್ವರಿ, ಕೆಳಗೆ ಆಕೆಯ ಗೆಳತಿ. "ಖಲಂದರಣ್ಣ, ಆ ನಡುವಿಂದು ತಗಿ. ತಿರುಗಸು. ಇನ್ನೊಮ್ಮಿ ತಿರುಗಸು. ಈಗ ಎಡಕ... ಬಿಡು!" ಕೆಳಗಿನಿಂದ ಮೆಹನಾಜ, "ಏ ಮಹೇಶಿ, ಅಡ್ಡ ಹಾಕಬ್ಯಾಡ, ಉದ್ದಕ ಜಾಗಾ ಇಟ್ಟಿರು!" ಹಮಾಲರಿಗೆ ಮೊದಲು ನಗು, ಆಮೇಲೆ ಗಾಬರಿ, ಆಮೇಲೆ ಭಕ್ತಿ. ಮುಕ್ಕಾಲು ತಾಸಿನಲ್ಲಿ ಅರವತ್ತೆರಡೂ ಕೂತವು. ಕೂತು, ಇನ್ನೊಂದು ಚೀಲದಷ್ಟು ಜಾಗ ಉಳಿಯಿತು!

"ಅಲ್ಲಿ ಮಾಮಾರನ್ನ ಇಡೂಣೇನ?" ಎಂದಳು ಮೆಹನಾಜ.

"ಬ್ಯಾಡ," ಎಂದಳು ನನ್ನ ಹೆಂಡತಿ. "ಮಾಲು ಕೆಡತೈತಿ."

ಗೇಟು ಮುಚ್ಚುವುದಕ್ಕೆ ಐದು ನಿಮಿಷ ಮೊದಲು ಲಾರಿ ಒಳಗೆ ಹೋಯಿತೆಂದು ಮಲ್ಲಿಕಸಾಬ ಫೋನು ಮಾಡಿದ. ಸಂಜೆಯೊಳಗೆ ಮಾರ್ಕೆಟ್ಟಿನ ಮೂರು ಅಂಗಡಿಯವರು ಲೋಡಿಂಗಿಗೆ ಅಕ್ಕಾರು ಬರುತ್ತಾರೇನು ಎಂದು ನನ್ನನ್ನೇ ಕೇಳಿದರು!

ಊಟಕ್ಕೆ ಕೂತಾಗ ಮೆಹನಾಜ ಹೋಳಿಗೆ ಮುರಿಯುತ್ತ ತೀರ್ಪು ಕೊಟ್ಟಳು. "ನೋಡ್ರಿ ಮಾಮಾರ, ಅಳಿಸಿದವ್ರು ನೀವು. ತಿರುಗಿ ಬರಿಯಾವ್ರೂ ನೀವ. ನನ್ನ ಎಪ್ಪತ್ಮೂರು ಸಾವಿರದ ನಾಕನೂರು ನಿಮ್ಮ ಕೈಲೆ ಆಡಿ ಅಲ್ಲಿ ತಂದು ಕೂಡಸ್ರಿ. ಆಮ್ಯಾಲ ಈಕಿ ಮುರೀತಾಳ."

"ನನಗ ಆಡಾಕ ಬರೂದಿಲ್ಲವ್ವಾ!"

"ಕಲೀರಿ," ಎಂದಳು ಮಹೇಶ್ವರಿ. "ಇಪ್ಪತ್ನಾಕು ವರ್ಷ ಟೈಮ್ ಕೊಡ್ತೇನಿ."

ಹೀಗೆ ಆ ಪೆಟ್ಟಿಗೆಯನ್ನು ಮನೆಯಿಂದ ಓಡಿಸಲು ಹೊರಟ ನಾನೇ ಈಗ ದಿನಾ ಸಂಜೆ ಸೋಫಾದ ಮೂಲೆಯಲ್ಲಿ ಅದನ್ನು ಹಿಡಿದು ಕೂರುತ್ತೇನೆ. ಉದ್ದನೆಯ ಕೋಲು ಯಾಕೆ ಬೇಗ ಬರುವುದಿಲ್ಲ ಎಂಬುದು ನನಗೂ ಈಗ ದೊಡ್ಡ ಚಿಂತೆ. ಮೊನ್ನೆ ಕೈ ಕೂಡಿಬಂದಿತ್ತು, ಸಾಲಿಗೆ ಸಾಲು ಮಾಯವಾಗುತ್ತಿದ್ದವು. ಅಷ್ಟರಲ್ಲಿ ಅಡುಗೆಮನೆಯಿಂದ ಕೂಗು ಬಂತು. "ಏನ್ರಿ, ಚಾ ಆರಾಕತ್ತೈತಿ!" ಕೈ ಜಾರಿತು. ಬಾಗಿಲಲ್ಲಿ ಆಕೆ ಚಹಾದ ಕಪ್ ಹಿಡಿದು ನಗುತ್ತ ನಿಂತಿದ್ದಳು.

ಇವತ್ತಿನ ತನಕ ನನ್ನಿಂದ ಆದದ್ದು ಒಂಬತ್ತು ಸಾವಿರದ ಇನ್ನೂರು. ಇನ್ನು ಅರವತ್ನಾಲ್ಕು ಸಾವಿರದ ಇನ್ನೂರು ಅಂಕ ನನ್ನ ಹೆಂಡತಿಗೆ ನಾನು ಕೊಡಬೇಕು.