ಹನ್ನೆರಡನೆಯ ಕಿಸೆ

ನಮ್ಮ ಸೋದರಮಾವನ ಮೈಮೇಲೆ ಒಂಬತ್ತು ಕಿಸೆಗಳಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಒಂದು ದಿನ ಎದುರಿಗೆ ಕೂಡಿಸಿಕೊಂಡು ಎಣಿಸಿಯೇಬಿಟ್ಟೆ. ಹನ್ನೊಂದು ಇದ್ದವು!

ಹುಟ್ಟುವಾಗ ಮಾತ್ರ ಎಲ್ಲರ ಹಾಗೆ ಬರಿಮೈಯಲ್ಲೇ ಹುಟ್ಟಿದ್ದರಂತೆ. ನಮ್ಮಜ್ಜಿ ಆಣೆ ಮಾಡಿ ಹೇಳುತ್ತಿದ್ದಳು. ಮುಂದೆ ಮುದ್ದೇಬಿಹಾಳದ ಬಜಾರಿನಲ್ಲಿ, ಒಂದು ಬಳೆ ಅಂಗಡಿಯ ಪಕ್ಕಕ್ಕೆ, ಹೊಲಿಗೆ ಯಂತ್ರ ಇಟ್ಟುಕೊಂಡು ಟೇಲರ್ ಆದರು ನೋಡಿ, ಅಲ್ಲಿಂದ ಶುರುವಾಯಿತು. ಮಂದಿಯ ಬಟ್ಟೆಯಲ್ಲಿ ಉಳಿದ ತುಂಡುಗಳೆಲ್ಲ ಮಾಮಾನ ಕಿಸೆಗಳಾದವು. ಅಂಗಿಗೆ ಹೊರಗೆ ಎರಡು, ಒಳಗೆ ಎರಡು, ಬನಿಯನ್ನಿಗೆ ಎರಡು, ಪ್ಯಾಂಟಿಗೆ ನಾಲ್ಕು, ಟೊಪ್ಪಿಗೆಯ ಒಳಗೊಂದು. ಬಿಳಿ ಬನಿಯನ್ನಿನ ಎದೆಯ ಮೇಲೆ ಯಾವ ಹೆಂಗಸಿನದೋ ಹೂವಿನ ಜಂಪರಿನ ತುಂಡು! ಅತ್ತೆ, ಅಂದರೆ ಮಾಮಾನ ಹೆಂಡತಿ, ಅದನ್ನು ಒಣಹಾಕಲು ನಾಚಿಕೊಂಡು ಮಾಳಿಗೆಯ ಹಿಂದಿನ ಮೂಲೆಯಲ್ಲಿ ಹರವುತ್ತಿದ್ದಳು.

"ಇಷ್ಟು ಕಿಸೆ ಯಾಕ್ರಿ ಮಾಮಾ?" ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು.

"ಕಳ್ಳಗ ಒಂದು ಸಿಕ್ಕೀತು. ಹತ್ತು ಉಳೀತಾವಲ್ಲ!"

ಸುಮ್ಮನೆ ಕಿಸೆಗಳಲ್ಲ ಅವು. ಪ್ರತಿಯೊಂದಕ್ಕೂ ಒಂದು ಖಾತೆ. ಬಸ್ಸಿನ ಕಿಸೆ, ಚಹಾದ ಕಿಸೆ, ಔಷಧದ ಕಿಸೆ, ಮದುವೆ ಕಿಸೆ. ಬನಿಯನ್ನಿನ ಎಡಗಡೆ, ಸರಿಯಾಗಿ ಹೃದಯದ ಮೇಲೆ, ಮಣ್ಣಿನ ಕಿಸೆ. ಯಾರಾದರೂ ತೀರಿಕೊಂಡರೆ ಮಣ್ಣಿಗೆ ಹೋಗಬೇಕಲ್ಲ, ಅದರ ಖರ್ಚಿಗೆ. ಒಂದರ ರೊಕ್ಕ ಇನ್ನೊಂದಕ್ಕೆ ಹೋಗುವಂತಿಲ್ಲ. ಸರಕಾರ ನಡೆಸುವವರಿಗೂ ಇಷ್ಟು ಶಿಸ್ತು ಇರಲಿಕ್ಕಿಲ್ಲ!

ಒಮ್ಮೆ ಮಸೂತಿ ಎಂಬ ಊರಿನಲ್ಲಿ ಬಳಗದವರ ಮದುವೆ. ಮಾಮಾ ಮುಯ್ಯಿ ಮಾಡಲು ಮದುವೆ ಕಿಸೆಗೆ ಕೈ ಹಾಕಿದರು. ಖಾಲಿ. ಆ ಬೇಸಿಗೆಯಲ್ಲಿ ಮದುವೆಗಳು ಜಾಸ್ತಿಯಾಗಿದ್ದವು.

"ಇನ್ನೊಂದು ಕಿಸೇದಾಗಿಂದ ತಗೀರಿ ಮಾಮಾ" ಎಂದೆ.

"ಉಳದದ್ದು ಮಣ್ಣಿನ ಕಿಸೆ ಐತಿ. ಅದರಾಗಿನ ರೊಕ್ಕ ಮದುಮಗಳ ಕೈಯಾಗ ಇಡಂತಿ ಏನಲೇ? ತಲಿ ನೆಟ್ಟಗ ಐತಿಲ್ಲೋ?"

ಮೈಮೇಲೆ ಅಷ್ಟೊಂದು ರೊಕ್ಕ ಇಟ್ಟುಕೊಂಡು ಬಡವರಾಗಿ ನಿಂತಿದ್ದರು! ಮುಯ್ಯಿ ಬರೆದುಕೊಳ್ಳುವವರ ಮೇಜಿನ ಮೇಲೆ ಅರಿಸಿನ ಕುಂಕುಮ ಹಚ್ಚಿದ ಸ್ಕ್ಯಾನರ್ ಚೀಟಿ ಇತ್ತು. ನಾನು ಫೋನ್ ತೆಗೆದು, ಮಾಮಾನ ಹೆಸರಿನಲ್ಲಿ ಒಂದು ಗಳಿಗೆಯಲ್ಲಿ ಮುಯ್ಯಿ ಮುಗಿಸಿದೆ. ಮಾಮಾ ಕನ್ನಡಕ ಏರಿಸಿ ಆ ಚೀಟಿಯನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಿಗೆ ಅದು ಚೌಕಡಿ ಬಟ್ಟೆ.

"ಯಾವ ಅರಿವಿಲೇ ಇದು? ಒಂದು ಚೌಕಡಿ ಇನ್ನೊಂದಕ್ಕ ಕೂಡೇ ಇಲ್ಲ. ಇದನ್ನ ಕತ್ತರಿಸಿದಾವ ಯಾವ ಟೇಲರ್?"

"ಅರಿವಿ ಅಲ್ರಿ ಮಾಮಾ. ರೊಕ್ಕ ಕೊಡೋ ಚೀಟಿ. ನಿಮ್ಮ ಮುಯ್ಯಿ ಹೋತು."

"ಯಾರ ಕೈಯಾಗ ಕೊಟ್ಟಿ?"

"ಯಾರ ಕೈಯಾಗೂ ಇಲ್ಲರಿ. ಹಂಗ ಹೋಗತೈತಿ."

"ಕೈಯಾಗ ಕೊಡಲಿಲ್ಲಂದ್ರ ಕೊಟ್ಟಂಗ ಹೆಂಗ ಆತೋ?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಾ ನಗಲಿಲ್ಲ. ಊಟದ ಪಂಕ್ತಿಯಲ್ಲಿ ಕೂತಾಗಲೂ ನನ್ನ ಫೋನನ್ನೇ ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಹಾಗಂತ ಬ್ಯಾಂಕಿನವರು ಅವರನ್ನು ಬಿಟ್ಟರೇ? ಒಂದು ಎಟಿಎಂ ಕಾರ್ಡು ಕೈಗಿಟ್ಟರು. ನಮ್ಮ ಮಾಮಾ ಅದನ್ನು ಎಷ್ಟು ಭದ್ರ ಮಾಡಿದರೆಂದರೆ, ಕೋಟಿನ ಅಸ್ತರಿನ ಒಳಗೆ ಇಟ್ಟು ನಾಲ್ಕೂ ಕಡೆ ಹೊಲಿದುಬಿಟ್ಟರು. ಗುಪ್ತ ಸಂಖ್ಯೆ ಮರೆಯಬಾರದೆಂದು ಅಂಗಿಯ ಕಾಲರಿನ ಒಳಮಗ್ಗುಲಿಗೆ, ಬಟ್ಟೆಗೆ ಗುರುತು ಹಾಕುವ ಶಾಯಿಯಲ್ಲಿ ಬರೆದುಕೊಂಡರು. ಒಂದು ದಿನ ಬಸವನ ಬಾಗೇವಾಡಿಯಲ್ಲಿ ರೊಕ್ಕ ಬೇಕಾಯಿತು. ಎಟಿಎಂ ಮುಂದೆ ಕೋಟು ಕಳಚಿ, ಬ್ಲೇಡಿನಿಂದ ಅಸ್ತರು ಬಿಚ್ಚಿ, ಕಾರ್ಡು ಹೊರತೆಗೆದರು. ಹಿಂದೆ ಸಾಲು ಬೆಳೆಯಿತು. ಯಂತ್ರ ಸಂಖ್ಯೆ ಕೇಳಿತು. ಆಗ ಮಾಮಾನಿಗೆ ಒಂದು ಸಂಗತಿ ಹೊಳೆಯಿತು. ತನ್ನ ಕಾಲರನ್ನು ತಾನೇ ಓದಲು ಯಾವ ಮನುಷ್ಯನಿಗೆ ಸಾಧ್ಯ, ಹೇಳಿ?

ಹಿಂದೆ ನಿಂತಿದ್ದ ದಪ್ಪ ಮೀಸೆಯವರ ಕಡೆಗೆ ಕತ್ತು ಬಗ್ಗಿಸಿ, "ಸಾಹೇಬ್ರ, ನನ್ನ ಕಾಲರಿನ್ಯಾಗ ಏನ ಬರದೈತಿ, ಸ್ವಲ್ಪ ಓದ್ರಿ" ಎಂದರು. ಆ ಪುಣ್ಯಾತ್ಮರು ಇಡೀ ಸಾಲಿಗೆ ಕೇಳುವಂತೆ ನಾಲ್ಕೂ ಅಂಕಿಗಳನ್ನು ಬಿಡಿಸಿ ಬಿಡಿಸಿ ಓದಿದರು! ಮನೆಗೆ ಬಂದ ಮಾಮಾ ಆ ಅಂಗಿಯನ್ನು ಮೂರು ಸಲ ಒಗೆಸಿದರು. ಶಾಯಿ ಹೋಗಲಿಲ್ಲ. ಕಾರ್ಡು ಅತ್ತೆಯ ಟ್ರಂಕು ಸೇರಿತು.

ಗಿರಾಕಿಗಳು ಸುಮ್ಮನಿರಬೇಕಲ್ಲ. "ಫೋನಿನ್ಯಾಗ ಹಾಕ್ತೇವ್ರಿ ಮಾಸ್ತರ" ಎಂದು ಎಲ್ಲರೂ ಅನ್ನತೊಡಗಿದಾಗ, ಪಕ್ಕದ ಬಳೆ ಅಂಗಡಿಯ ಚಾಚಾ ಮುಂದೆ ನಿಂತು ಮಾಮಾನ ಅಂಗಡಿಗೂ ಚೀಟಿ ಅಂಟಿಸಿ, ಮಾತಾಡುವ ಡಬ್ಬಿ ಕೂಡಿಸಿಕೊಟ್ಟರು. ಯಾರಾದರೂ ರೊಕ್ಕ ಹಾಕಿದರೆ ಡಬ್ಬಿ ಗಟ್ಟಿಯಾಗಿ ಇಷ್ಟು ಬಂತು ಎಂದು ಸಾರುತ್ತದೆ. ಮಾಮಾನಿಗೆ ಜೀವ ಹೋದಂತಾಯಿತು. ಇಡೀ ಜನ್ಮ ರೊಕ್ಕವನ್ನು ಮುಚ್ಚಿಡಲು ಹನ್ನೊಂದು ಕಿಸೆ ಹೊಲಿದವರು, ಪಾಪ!

"ಬಾಯಿ ಮುಚ್ಚಲೇ, ಮಂದಿ ಅದಾರ!" ಎಂದು ಡಬ್ಬಿಗೇ ಬೈದರು. ಅದು ಕೇಳಲಿಲ್ಲ. ಮರುದಿನ ಡಬ್ಬಿಯ ಅಳತೆ ತೆಗೆದುಕೊಂಡು, ಹತ್ತಿ ತುಂಬಿ, ಅದಕ್ಕೊಂದು ದಪ್ಪನೆಯ ಅಂಗಿ ಹೊಲಿದು ತೊಡಿಸಿದರು. ಅಂಗಿಗೆ ಎರಡು ಗುಂಡಿ, ಮತ್ತೆ ಒಂದು ಕಿಸೆ! ಅಂದಿನಿಂದ ಡಬ್ಬಿ ನೆಗಡಿಯಾದವರಂತೆ ಒಳಗೊಳಗೇ ಗೊಣಗುತ್ತಿತ್ತು. ಎಷ್ಟು ಬಂತೆಂದು ಮಾಮಾನಿಗೂ ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿ ನಕ್ಕು ಮುಗಿಸಬಹುದಾಗಿತ್ತು. ಆದರೆ ಹನ್ನೆರಡನೆಯ ಕಿಸೆಯ, ಅಂದರೆ ನನ್ನ ಕಿಸೆಯ ವಿಷಯ ಹೇಳದಿದ್ದರೆ ಮಾಮಾನ ಅರ್ಧ ಕತೆಯನ್ನೇ ಹೇಳಿದಂತಾಗುತ್ತದೆ.

ನಾನು ಹೈಸ್ಕೂಲಿಗೆಂದು ಹಾಸ್ಟೆಲ್ ಸೇರುವಾಗ ಮಾಮಾ ನನಗೊಂದು ಪ್ಯಾಂಟು ಹೊಲಿದರು. ಅದರ ಸೊಂಟಪಟ್ಟಿಯ ಒಳಗೆ, ಎಡಗಡೆಗೆ, ಎರಡು ಬೆರಳಿನಗಲದ ಒಂದು ಕಳ್ಳಕಿಸೆ. ಅದರಲ್ಲಿ ಮಡಚಿದ ಒಂದು ನೋಟು. ಮೇಲೆ ಹೊಲಿಗೆ. "ಬಿಚ್ಚೋ ಹೊತ್ತು ಬಂದಾಗ ಬಿಚ್ಚು" ಎಂದರು. ಹೊತ್ತು ಮೂರನೆಯ ದಿನವೇ ಬಂತು! ಊರಿಗೆ ಬಂದಾಗ ಕೇಳಿದರು.

"ಬಿಚ್ಚಿದೇನು?"

"ಹೂಂ ಮಾಮಾ."

"ಯಾತಕ್ಕ?"

ತಲೆ ತಗ್ಗಿಸಿ, "ಮಿರ್ಚಿ ಭಜಿ ತಿನ್ನಾಕ" ಎಂದೆ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ.

"ಛಲೋ ಆತು. ಅದಕ್ಕ ಇಟ್ಟಿದ್ದೆ" ಎಂದರು ಮಾಮಾ, ಮುಖವೆಲ್ಲ ಅರಳಿಸಿಕೊಂಡು.

ಆಮೇಲೆ ನನ್ನ ಪ್ರತಿ ಪ್ಯಾಂಟಿಗೂ ಅದೇ ಜಾಗದಲ್ಲಿ ಅದೇ ಕಿಸೆ. ಎಷ್ಟು ನೇರ ಹೊಲಿಗೆ ಅಂತೀರಿ! ಕಾಲೇಜಿನಲ್ಲಿ ಬಿಚ್ಚಿದ್ದೇನೆ, ಇಂಡಿಯಲ್ಲಿ ನೌಕರಿಯ ಸಂದರ್ಶನಕ್ಕೆ ಹೋದಾಗ ಬಿಚ್ಚಿದ್ದೇನೆ. ಪ್ರತಿ ಸಲವೂ "ಬಿಚ್ಚಿದೇನು? ಯಾತಕ್ಕ?" ಎಂಬ ಎರಡು ಪ್ರಶ್ನೆ, ಮತ್ತೆ ಆ ಅರಳಿದ ಮುಖ. ಸಿಂದಗಿಯ ಕಾಲೇಜಿನಲ್ಲಿ ಗುಮಾಸ್ತನಾದೆ. ಕೈಗೆ ಫೋನು ಬಂತು. ಚಹಾ, ಕಾಯಿಪಲ್ಲೆ, ಕ್ಷೌರ ಎಲ್ಲವೂ ಫೋನಿನಲ್ಲೇ. ಪರ್ಸು ಮನೆಯಲ್ಲೇ ಉಳಿಯತೊಡಗಿತು. ವಾರಕ್ಕೊಮ್ಮೆ ಮಾಮಾ ಫೋನ್ ಮಾಡಿದಾಗ ಕೊನೆಗೆ ಅದೇ ಮಾತು.

"ಬಿಚ್ಚಿದೇನು?"

"ಇಲ್ರಿ ಮಾಮಾ. ಬೇಕ ಆಗಲಿಲ್ಲ."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಇರಲಿ ಬಿಡು" ಎನ್ನುತ್ತಿದ್ದರು. ಆ ಸುಮ್ಮನಿರುವಿಕೆಯ ಅರ್ಥ ನನಗೆ ಆಗ ತಿಳಿಯಬಾರದೇ? ಅವರು ಕೇಳುತ್ತಿದ್ದುದು ನೋಟಿನ ಸುದ್ದಿಯನ್ನಲ್ಲ. ಅಳಿಯನಿಗೆ ತಾನು ಇನ್ನೂ ಬೇಕೋ ಬೇಡವೋ ಎಂದು ಕೇಳುತ್ತಿದ್ದರು. ನಾನು ಪ್ರತಿ ವಾರವೂ ಬೇಡ ಎಂದು ಹೇಳುತ್ತಿದ್ದೆ.

ಕಡೆಯ ಸಲ ಹೋದಾಗ ನನ್ನ ಮೈಮೇಲೆ ಹೊಸ ನೀಲಿ ಜೀನ್ಸು ಇತ್ತು. ಅಂಗಡಿಯಲ್ಲಿ ಕೊಂಡ ರೆಡಿಮೇಡು. ಮಾಮಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಅಂಗಡಿ ಮುಚ್ಚಿ, ಯಂತ್ರವನ್ನು ಮನೆಯ ಪಡಸಾಲೆಗೆ ತಂದು ಹಾಕಿದ್ದರು. ಬಂದವನ ಸೊಂಟಪಟ್ಟಿಯನ್ನು ಮುಟ್ಟಿ ನೋಡಿದರು.

"ಕಿಸೆ ಇಲ್ಲಲ್ಲೋ ಇದಕ್ಕ! ಕಳಚಿ ಕೊಡು, ಹಚ್ಚಿ ಕೊಡ್ತೇನಿ."

"ಬ್ಯಾಡ್ರಿ ಮಾಮಾ. ಎಲ್ಲಾ ಫೋನಿನ್ಯಾಗ ಐತಿ."

"ಫೋನಿಗೆ ಹಸಿವಿ ಆಗತೈತೋ. ನೋಟಿಗೆ ಆಗಂಗಿಲ್ಲ."

"ನಿಮಗ ಸೂಜಿ ಕಾಣಂಗಿಲ್ಲ, ನನಗ ಕಿಸೆ ಬೇಕಾಗಿಲ್ಲ. ಆ ಕಾಲ ಮುಗೀತ್ರಿ ಮಾಮಾ" ಎಂದುಬಿಟ್ಟೆ. ಎಂಥ ನಾಲಿಗೆ ನನ್ನದು! ಮಾಮಾ ನಕ್ಕರು. ಬಿಸಿ ರೊಟ್ಟಿ, ಎಣಗಾಯಿ ಉಂಡು, ಲುಂಗಿ ಉಟ್ಟು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದೆ. ಎದ್ದು, ಗೂಟಕ್ಕಿದ್ದ ಜೀನ್ಸ್ ಹಾಕಿಕೊಂಡು ಸಿಂದಗಿಯ ಬಸ್ಸು ಹಿಡಿದೆ. ಮಾಮಾ ಬಸ್ ನಿಲ್ದಾಣದವರೆಗೂ ಬಂದು, ನನ್ನ ಕಾಲರು ಸರಿ ಮಾಡಿ ಕಳಿಸಿದರು.

ಎರಡು ತಿಂಗಳಿಗೆ ಮಾಮಾ ಹೋಗಿಬಿಟ್ಟರು. ಹೂವು, ಬಟ್ಟೆ ತರಲು ಎಲ್ಲರೂ ಫೋನ್ ತೆಗೆದಾಗ ಅತ್ತೆ ಬೇಡವೆಂದಳು. ಮಾಮಾನ ಬನಿಯನ್ನಿಗೆ ಕೈ ಹಾಕಿ ಮಣ್ಣಿನ ಕಿಸೆಯಿಂದ ರೊಕ್ಕ ತೆಗೆದು ಕೊಟ್ಟಳು. ಎಲ್ಲರ ಮಣ್ಣಿಗೆಂದು ಇಟ್ಟುಕೊಂಡಿದ್ದು ಕಡೆಗೆ ಅವರ ಮಣ್ಣಿಗೇ ಆಯಿತು.

ಮೊನ್ನೆ ಪರೀಕ್ಷೆಯ ಕಾಗದಪತ್ರ ಮುಟ್ಟಿಸಲು ಆಲಮೇಲಕ್ಕೆ ಹೋಗಿದ್ದೆ. ದಿನವಿಡೀ ಫೋನಿನಲ್ಲಿ ಮಾತಾಡಿ, ಸಂಜೆ ಬಸ್ಸಿನಲ್ಲಿ ಕೂತು ಟಿಕೆಟಿಗೆಂದು ಫೋನ್ ತೆಗೆದರೆ ಕಪ್ಪು! ಗುಂಡಿ ಒತ್ತಿದೆ, ತಟ್ಟಿದೆ, ಬಡಿದೆ. ಜೀವವಿಲ್ಲ. ಪರ್ಸು, ಕಾರ್ಡು ಸಿಂದಗಿಯ ಮನೆಯ ಕಪಾಟಿನಲ್ಲಿ ಸುಖವಾಗಿದ್ದವು.

"ಫೋನ್ ಬಂದ್ ಬಿದ್ದೈತ್ರಿ" ಎಂದೆ.

"ನಿಮ್ಮ ಫೋನ್ ಬಂದ್ ಬಿದ್ರ ನಾ ಏನ್ ಮಾಡ್ಲಿರಿ?" ಎಂದರು ಕಂಡಕ್ಟರು. "ರೊಕ್ಕ ಇದ್ರ ಕೊಡ್ರಿ. ಇಲ್ಲಂದ್ರ ಮುಂದಿನ ಸ್ಟಾಪಿಗೆ ಇಳೀರಿ."

ಬಸ್ಸಿನವರೆಲ್ಲ ತಿರುಗಿ ನೋಡಿದರು. ನನ್ನ ಕೈ ಅಭ್ಯಾಸಬಲದಿಂದ ಸೊಂಟಪಟ್ಟಿಯ ಎಡಗಡೆಗೆ ಹೋಯಿತು. ಮರುಗಳಿಗೆ ನೆನಪಾಯಿತು. ಇದು ರೆಡಿಮೇಡು ಜೀನ್ಸು, ನಾನೇ ಬೇಡ ಅಂದದ್ದು.

ಬೆರಳಿಗೆ ಏನೋ ಗಟ್ಟಿಯಾಗಿ ತಾಗಿತು. ಅದು ಆಗಾಗ ಸೊಂಟಕ್ಕೆ ಒತ್ತುತ್ತಿತ್ತು. ಕಂಪನಿಯ ಲೇಬಲ್ ಇರಬೇಕೆಂದು ಸುಮ್ಮನಿದ್ದೆ. ಪಟ್ಟಿ ಮಗುಚಿ ನೋಡಿದೆ. ಕಿಸೆ!

ನಾನು ಮಲಗಿದ್ದಾಗ ಹೊಲಿದಿದ್ದರು. ಯಂತ್ರದ ಸದ್ದಿಗೆ ನಾನು ಎದ್ದೇನೆಂದು ಪೂರಾ ಕೈಹೊಲಿಗೆ. ನೀಲಿ ಜೀನ್ಸಿನ ಮೇಲೆ ಕೆಂಪು ದಾರ. ಗೆರೆ ಎಳೆದಂತೆ ಹೊಲಿಯುತ್ತಿದ್ದ ಮಾಮಾನ ಟಾಕಿಗಳು ಎಲ್ಲೆಲ್ಲಿಗೋ ಹೋಗಿದ್ದವು. ಕೆಲವು ಒಂದೇ ಜಾಗದಲ್ಲಿ ಮೂರು ಸಲ, ಕೆಲವು ಕಿಸೆಯನ್ನೇ ಬಿಟ್ಟು ಆಚೆಗೆ. ಆ ಕಣ್ಣಿನಲ್ಲಿ ಎಷ್ಟು ಸಲ ಬೆರಳಿಗೆ ಚುಚ್ಚಿಕೊಂಡರೋ. ಮನೆಯ ಕೀಲಿಯಿಂದ ದಾರ ಬಿಚ್ಚಿದೆ. ಗುಂಡಿಗಳು ಬರುವ ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ನೂರರ ಒಂದು ನೋಟು, ನಾಲ್ಕು ಮಡಿಕೆ.

ಕಂಡಕ್ಟರಿಗೆ ಕೊಟ್ಟೆ. ಕೊಟ್ಟೆ ಅಂದುಕೊಂಡೆ ಅಷ್ಟೇ. ಅವರು ಆ ತುದಿ ಹಿಡಿದು ಎಳೆದರೆ ಈ ತುದಿಯನ್ನು ನನ್ನ ಬೆರಳು ಬಿಡಲಿಲ್ಲ.

"ಬಿಡ್ರಿ ಸಾಹೇಬ್ರ, ನೋಟು ಹರೀತೈತಿ!"

ಇದನ್ನು ಹೇಗೆ ಬಿಡಲಿ? ಮಾಮಾನಿಂದ ನನಗೆ ಇನ್ನೊಂದು ನೋಟು ಬರುವುದಿಲ್ಲ. ಆದರೆ ಭಜಿ ತಿಂದ ದಿನ ಅರಳಿದ್ದ ಆ ಮುಖ ನೆನಪಾಯಿತು. ಬಿಟ್ಟೆ. ಕಂಡಕ್ಟರು ಬಾಕಿ ಚಿಲ್ಲರೆಯನ್ನು ಟಿಕೆಟಿನ ಹಿಂದೆ ಬರೆದುಕೊಟ್ಟು ಮುಂದೆ ಹೋದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಎರಡೂ ಕಡೆ ಕಬ್ಬು ನಿಂತಿತ್ತು, ನನಗೆ ಏನೂ ಸರಿಯಾಗಿ ಕಾಣಲಿಲ್ಲ.

ಮನೆಗೆ ಬಂದವನೇ ಫೋನನ್ನು ಚಾರ್ಜಿಗೆ ಹಾಕಿದೆ. ಜೀವ ಬಂದ ಕೂಡಲೇ ಮಾಮಾನ ನಂಬರಿಗೆ ಹಚ್ಚಿದೆ. ಈಗ ಅದು ಅತ್ತೆಯ ಹತ್ತಿರ ಇರುತ್ತದೆ.

"ಅತ್ತಿ, ಬಿಚ್ಚಿದೆ" ಎಂದೆ.

ಅತ್ತೆ ಕೇಳಿದಳು.

"ಯಾತಕ್ಕ?"

"ಬಸ್ಸಿಗ್ರಿ. ಆಲಮೇಲದಿಂದ ಮನಿಗೆ ಬರಾಕ."

"ಛಲೋ ಆತಪ್ಪ. ಅದಕ್ಕ ಇಟ್ಟಿದ್ರು" ಎಂದಳು ಅತ್ತೆ. "ಅವತ್ತು ಮಧ್ಯಾಹ್ನ ಪೂರಾ ಕುಂತು ಹೊಲದ್ರು ನೋಡು. ಪ್ಯಾಂಟಿನ ಬಣ್ಣದ್ದ ದಾರ ಹುಡುಕಿ ಹಾಕೇನಿ, ಹೊಲದದ್ದು ಅವಗ ಗೊತ್ತ ಆಗಂಗಿಲ್ಲ ಅಂತ ಭಾಳ ಖುಷಿ ಪಟ್ರು. ಗೊತ್ತಾತೇನು ನಿನಗ?"

ಕೆಂಪು ದಾರದ ತುಂಡು ನನ್ನ ಅಂಗೈಯಲ್ಲಿತ್ತು.

"ಇಲ್ರಿ ಅತ್ತಿ" ಎಂದೆ. "ನೀಲಿ ದಾರಾನ ಐತಿ. ನನಗ ಗೊತ್ತ ಆಗಲಿಲ್ಲ."